ತಂಬೂರಿಯಿಲ್ಲದ ಮೇಳ

ನಮ್ಮ ಕಛೇರಿಗಳಲ್ಲಿ ವಿದ್ವಾಂಸರು ಬಾಯಿ ತೆರೆಯುವುದಕ್ಕೆ ಮುಂಚೆಯೇ ತಂಬೂರಿಯ ನಾದ ಸಭೆಯನ್ನು ತುಂಬಿರುತ್ತದೆ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆದ ನಾಡು ನಮ್ಮದು. ರಾಗದ ಬೆನ್ನು ಹತ್ತಿ ಗಾಯಕನು ಎಷ್ಟು ದೂರ ಅಲೆದರೂ ಹಿಂದಿರುಗಲು ಬೆನ್ನ ಹಿಂದೆ ತಾಯಿ ಕುಳಿತಿದ್ದಾಳೆಂಬ ಧೈರ್ಯ ಅವನಿಗಿರುತ್ತದೆ. ಆ ತಾಯಿಯನ್ನು ಮನೆಯಲ್ಲಿಯೇ ಬಿಟ್ಟು, ಯಾವ ವಾದ್ಯದ ಆಸರೆಯೂ ಇಲ್ಲದೆ, ಕಂಠವೊಂದನ್ನೇ ನಂಬಿ ಹಾಡುವ ಮೇಳಗಳು ಪಶ್ಚಿಮ ದೇಶಗಳಲ್ಲಿ ಬಹಳ ಕಾಲದಿಂದ ಇವೆ. ಈ ಬಗೆಯ ಗಾನಕ್ಕೆ ‘ಅ ಕಪೆಲ್ಲ’ ಎಂದು ಹೆಸರು. ‘ಪ್ರಾರ್ಥನಾಮಂದಿರದ ರೀತಿಯಲ್ಲಿ’ ಎಂಬುದು ಆ ಇಟಾಲಿಯನ್ ಮಾತಿನ ಅರ್ಥ.

ಇಂಥ ಮೇಳದವರು ಹೊಸ ಹಾಡೊಂದನ್ನು ಕಲಿಯುವ ಕ್ರಮ ಸ್ವಾರಸ್ಯವಾದುದು. ಭಜನಾಮಂಡಳಿಯಲ್ಲಿ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಾರಷ್ಟೆ. ಇಲ್ಲಿ ಹಾಗಲ್ಲ. ಹೆಂಗಸರ ಏರುದನಿಗೆ ಸೊಪ್ರಾನೊ, ಇಳಿದನಿಗೆ ಆಲ್ಟೊ. ಗಂಡಸರ ಏರುದನಿಗೆ ಟೆನರ್, ಇಳಿದನಿಗೆ ಬೇಸ್. ನಾಲ್ಕು ದನಿಗಳಿಗೂ ಬೇರೆ ಬೇರೆ ಧಾಟಿ. ಆದ್ದರಿಂದ ಮೊದಲು ಒಂದೊಂದು ವರ್ಗವೂ ಪ್ರತ್ಯೇಕವಾಗಿ ಕುಳಿತು ತನ್ನ ಧಾಟಿಯನ್ನು ಗಟ್ಟಿಮಾಡಿಕೊಳ್ಳುತ್ತದೆ. ಆಗ ಪಿಯಾನೊ ಜೊತೆಗಿರಬಹುದು. ಸಾಹಿತ್ಯವನ್ನು ಬದಿಗಿಟ್ಟು, ‘ನಾ’ ಎಂದೋ ‘ಲಾ’ ಎಂದೋ ವಿಳಂಬದಲ್ಲಿ ಸ್ವರಗಳನ್ನು ಹಾಡುತ್ತಾರೆ. ಸಾಹಿತ್ಯ ಬಂದಮೇಲೆ ಅಕ್ಷರದ ಕಾಟ ತೊಡಗುತ್ತದೆ. ‘ಆ’ಕಾರವನ್ನು ಒಬ್ಬರು ಬಾಯಿತುಂಬ ತೆರೆದು, ಪಕ್ಕದವರು ಅರೆಬಾಯಿಯಲ್ಲಿ ನುಡಿದರೆ, ಸ್ವರ ಒಂದೇ ಆಗಿದ್ದರೂ ಎರಡಾಗಿ ಕೇಳಿಸುತ್ತದೆ. ದೀರ್ಘ ಸ್ವರವನ್ನು ಹಿಡಿದಿರುವಾಗ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ನೆರೆಯವನು ಹಾಡುತ್ತಿರುವಾಗ ತಾನು ಉಸಿರಾಡುವುದನ್ನೂ, ತಾನು ಹಾಡುತ್ತ ಅವನಿಗೆ ಬಿಡುವು ಕೊಡುವುದನ್ನೂ ಕಲಿಯಬೇಕು.

ಅನಂತರ ನಾಲ್ಕು ವರ್ಗಗಳೂ ಕೂಡುತ್ತವೆ. ಕೆಳದನಿಯವರು ತಳಪಾಯ ಹಾಕಿದರೆ, ಅದರ ಮೇಲೆ ಉಳಿದವರು ಒಂದೊಂದಾಗಿ ನೆಲೆಗೊಳ್ಳುವುದು ಒಂದು ಕ್ರಮ. ಪಿಯಾನೊ ಮುಚ್ಚುವ ಹೊತ್ತು ಇದೇ. ಮುಚ್ಚುವುದಕ್ಕೆ ಹಾಡು ಕಂಠಸ್ಥವಾಗಿರುವುದೊಂದೇ ಕಾರಣವಲ್ಲ. ಆ ವಾದ್ಯದ ಅಂತರ ಗಾಂಧಾರ ಸಹಜ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಷಡ್ಜ ರಿಷಭಗಳೇ ಮೊದಲಾದ ಹನ್ನೆರಡು ಮೆಟ್ಟಿಲುಗಳನ್ನೂ ಸರಿಸಮವಾಗಿ ಹಂಚಿರುವುದರಿಂದ ಬಂದ ಬಾಧೆಯಿದು. ವ್ಯತ್ಯಾಸ ಒಂದು ಮೆಟ್ಟಿಲಿನ ಏಳರಲ್ಲಿ ಒಂದು ಪಾಲಿನಷ್ಟು. ನಮ್ಮ ತಂಬೂರಿಯ ಮಂದ್ರತಂತಿಯಲ್ಲಿ ತಾನೇ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವನ್ನು ಬಲ್ಲವರಿಗೆ ಈ ಅಂತರ ಥಟ್ಟನೆ ತಿಳಿಯುತ್ತದೆ. ವಾದ್ಯವನ್ನು ಮುಚ್ಚಿದಾಗ ಒಳ್ಳೆಯ ಮೇಳವು ತನ್ನ ಗಾಂಧಾರವನ್ನು ಅಷ್ಟೇ ತಗ್ಗಿಸಿ ಷಡ್ಜದೊಡನೆ ಬೆಸೆಯುತ್ತದೆ. ಇದನ್ನು ಯಾವ ಕಾಗದವೂ ಹೇಳಿಕೊಡದು, ಕಿವಿಯೇ ಹೇಳಬೇಕು.

ಇಷ್ಟಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ಹಾಡು ಮುಗಿದೊಡನೆ ಟ್ಯೂನಿಂಗ್ ಫೋರ್ಕ್ ಎಂಬ ಉಕ್ಕಿನ ಕವಲನ್ನು ತಟ್ಟಿ ನೋಡಿದರೆ, ಮೇಳವಿಡೀ ಆರಂಭದ ಶ್ರುತಿಗಿಂತ ಅರ್ಧ ಮೆಟ್ಟಿಲು ಕೆಳಗಿಳಿದಿರುವುದುಂಟು. ಏರುವಾಗ ಹೆಜ್ಜೆಯನ್ನು ಕೊಂಚ ಕಿರಿದಾಗಿ, ಇಳಿಯುವಾಗ ಕೊಂಚ ಹಿರಿದಾಗಿ ಇಡುವುದು ದಣಿದ ಕಂಠದ ಸ್ವಭಾವ. ಸೋಜಿಗವೆಂದರೆ, ಯಾರೊಬ್ಬರೂ ಅಪಸ್ವರ ಹಾಡಿರುವುದಿಲ್ಲ. ಒಬ್ಬರಿಗೊಬ್ಬರು ಹೊಂದಿಕೊಂಡೇ, ಒಬ್ಬರ ಕೈ ಒಬ್ಬರು ಹಿಡಿದೇ, ಎಲ್ಲರೂ ಇಳಿದಿರುತ್ತಾರೆ. ಅವರೊಳಗೆ ತೀಕ್ಷ್ಣವಾದ ಶ್ರುತಿಜ್ಞಾನವುಳ್ಳವನೊಬ್ಬನಿದ್ದರೆ ಅವನ ಪಾಡೇನು? ಸರಿಯಾದ ಶ್ರುತಿಯನ್ನೇ ಹಿಡಿದು ನಿಂತರೆ ಸಭೆಗೆ ಅವನೇ ಅಪಸ್ವರ. ಜೊತೆಗೆ ಇಳಿದರೆ ಮನಸ್ಸು ಒಪ್ಪದು.

ಅನುಭವಿಗಳ ತೀರ್ಪು ಹೀಗೆ: ಸಭೆಯ ಮುಂದೆ ಮೇಳದೊಡನೆ ಇಳಿ, ಅಭ್ಯಾಸದ ಕೋಣೆಯಲ್ಲಿ ಮಾತ್ರ ದಾಕ್ಷಿಣ್ಯ ಬಿಟ್ಟು ಹೇಳು. ಅಭ್ಯಾಸವೆಂಬುದು ಇರುವುದೇ ಇದಕ್ಕೆ ಎಂದರೆ ಅತಿಶಯೋಕ್ತಿಯಾಗದು. ಮೇಳ ಚಿಕ್ಕದಾದಷ್ಟೂ ಈ ಹೊಣೆ ಹೆಚ್ಚು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿದ ತರುಣರು ಕಟ್ಟಿ, 1968ರಿಂದ ನಡೆದುಬಂದಿರುವ ‘ದಿ ಕಿಂಗ್ಸ್ ಸಿಂಗರ್ಸ್’ ಮೇಳದಲ್ಲಿ ಆರೇ ಮಂದಿ. ಹಾಡುವವರು ಬದಲಾಗಿದ್ದಾರೆ, ಸಂಖ್ಯೆ ಬದಲಾಗಿಲ್ಲ. ಮುಂದೆ ನಿಂತು ಕೈ ಬೀಸುವ ನಾಯಕನಿಲ್ಲ. ಒಬ್ಬನು ತಪ್ಪಿದರೆ ಅವನ ಧಾಟಿಯನ್ನು ಎತ್ತಿಹಿಡಿಯಲು ಮತ್ತೊಬ್ಬನಿಲ್ಲ.

ಇದೆಲ್ಲಕ್ಕೂ ಸ್ವರಲಿಪಿ ಅನಿವಾರ್ಯವೆಂದು ತಿಳಿಯಬೇಕಾಗಿಲ್ಲ. ದಕ್ಷಿಣ ಆಫ್ರಿಕದ ಗಣಿಕಾರ್ಮಿಕರ ವಸತಿಗೃಹಗಳಲ್ಲಿ ‘ಇಸಿಕತಮಿಯ’ ಎಂಬ ವಾದ್ಯರಹಿತ ಗಾನ ಬೆಳೆಯಿತು. ಆ ಪದ್ಧತಿಯನ್ನು ಲೋಕಕ್ಕೆಲ್ಲ ಪರಿಚಯಿಸಿದ ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’ ಮೇಳದ ಸ್ಥಾಪಕ ಜೋಸೆಫ್ ಶಬಲಾಲ 2020ರಲ್ಲಿ ತೀರಿಕೊಂಡರು. 1964ರ ಸುಮಾರಿಗೆ ತಮಗೆ ಕನಸಿನಲ್ಲಿ ಕೇಳಿಬಂದ ಸ್ವರಸಂಯೋಜನೆಯನ್ನು ಸಂಗಡಿಗರಿಗೆ ಬಾಯಿಂದ ಬಾಯಿಗೆ ಕಲಿಸಿದರೆಂದು ಅವರೇ ಹೇಳುತ್ತಿದ್ದರು. ಗುರುಮುಖದಿಂದ ಪಾಠ ಕಲಿತು ಬೆಳೆದ ನಮಗೆ ಇದು ಅಪರಿಚಿತವಲ್ಲ. ಕಾಗದದಿಂದ ಕಲಿಯಲಿ, ಬಾಯಿಂದ ಕಲಿಯಲಿ, ಕಲಿತವರು ಕೊನೆಗೆ ಸೇರುವ ತಾಣ ಒಂದೇ: ತನ್ನ ದನಿಯನ್ನು ಕೊಂಚ ತಗ್ಗಿಸಿ ಪಕ್ಕದವನ ದನಿಯನ್ನು ಆಲಿಸುವುದು.

ಸಂಸಾರಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ನಾವು ಒಮ್ಮತವನ್ನು ಬಹುವಾಗಿ ಹೊಗಳುತ್ತೇವೆ, ಅದು ಹೊಗಳತಕ್ಕದ್ದೇ. ಆದರೆ ಎಲ್ಲರ ದನಿಯೂ ಕೂಡಿತೆಂದಮಾತ್ರಕ್ಕೆ ಹಾಡು ಹೊರಟ ಶ್ರುತಿಯಲ್ಲಿಯೇ ಇದೆಯೆಂದು ಹೇಳಲಾಗದು. ಆಗಾಗ್ಗೆ ಹಾಡು ನಿಲ್ಲಿಸಿ ಆ ಉಕ್ಕಿನ ಕವಲನ್ನು ತಟ್ಟಿ ನೋಡಬೇಕು. ತಟ್ಟಿದವರ ಮೇಲೆ ಮುನಿಸಿಕೊಳ್ಳದ ಮೇಳವೇ ಮುಂದಿನ ಹಾಡನ್ನು ಚೆನ್ನಾಗಿ ಹಾಡಬಲ್ಲದು.