ಎಂಜಿನ್ ದೀಪ ಹತ್ತಿದರೆ ಗಾಡಿ ಗುಜರಿಗೇ?

ಸಾಸಲಿನ ನಮ್ಮ ಮನೆಯಲ್ಲಿ 2014ರ ಮಾದರಿಯ ಪೆಟ್ರೋಲ್ ಕಾರೊಂದಿದೆ. ಕೆಲ ತಿಂಗಳ ಹಿಂದೆ ಅದರ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0420 ಎಂಬ ಕೋಡ್ ಬಂತು. ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅಣ್ಣ. ಅಷ್ಟು ದುಡ್ಡು ಸುರಿಯೋ ಬದ್ಲು ಗಾಡೀನೇ ಕೊಟ್ಬಿಡಿ’ ಎಂದ ಮೆಕ್ಯಾನಿಕ್. ಹಳೇ ಗಾಡಿ ತಾನೇ ಎಂದು ಅಪ್ಪನೂ ಅರ್ಧ ಒಪ್ಪಿದ್ದರು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ವಿಷ ತಗ್ಗಿಸುವುದು ಕನ್ವರ್ಟರ್ ಕೆಲಸ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದರ ವೋಲ್ಟೇಜ್ ಸುಮಾರು 0.1ರಿಂದ 0.9ರವರೆಗೆ ಏರಿಳಿಯುತ್ತಿರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕಂಪ್ಯೂಟರ್ ಪಿ0420 ಬರೆದುಕೊಳ್ಳುತ್ತದೆ. ಕನ್ವರ್ಟರ್ ಸತ್ತರೂ ಹೀಗಾಗಬಹುದು. ಸೆನ್ಸರ್ ಕೆಟ್ಟರೂ, ಸೈಲೆನ್ಸರ್ ಪೈಪಿನಲ್ಲಿ ಗಾಳಿ ಸೋರಿದರೂ ಆಗಬಹುದು. ಇವುಗಳಲ್ಲಿ ಕಾರಣ ಯಾವುದೆಂದು ಕೋಡ್ ಹೇಳುವುದಿಲ್ಲ, ಹುಡುಕಬೇಕಾದವರು ನಾವು.

ಕೆಲವೇ ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ತಂದು, ಸ್ಟಿಯರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ಮಿಸ್‌ಫೈರ್ ಕೋಡ್ ಇರಲಿಲ್ಲ. ಕಾರಿನ ಕೆಳಗೆ ತೂರಿದಾಗ ಪೈಪಿನ ಜಾಯಿಂಟ್ ಸುತ್ತ ಮಸಿ ಕಂಡಿತು. ದೊಡ್ಡಬಳ್ಳಾಪುರದಲ್ಲಿ ಹೊಸ ಗ್ಯಾಸ್ಕೆಟ್ ಹಾಕಿಸಿ ಕೋಡ್ ಅಳಿಸಿದೆವು. ದೀಪ ಮತ್ತೆ ಹತ್ತಿಲ್ಲ.

ನಮ್ಮ ಮನೆಯಲ್ಲಿ ಆಗಬಹುದಾಗಿದ್ದ ತಪ್ಪು ದೇಶದ ಮಟ್ಟದಲ್ಲೂ ಆಗುತ್ತಿದೆ. 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನ ಕೊಡಬಾರದೆಂಬ ಆದೇಶ 2025ರ ಜುಲೈ 1ರಂದು ದೆಹಲಿಯಲ್ಲಿ ಜಾರಿಗೆ ಬಂತು. ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ವಯಸ್ಸೊಂದನ್ನೇ ನೋಡಿ ಕ್ರಮ ಕೈಗೊಳ್ಳದಂತೆ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಸೂಚಿಸಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಹಳೆಯ ವಾಹನಗಳ ಹೊಗೆ ಹೆಚ್ಚೆಂಬುದು ನಿಜ. ಆದರೆ ಸರಿಯಾಗಿ ನೋಡಿಕೊಂಡ ಹಳೆ ಕಾರಿಗಿಂತ, ಕನ್ವರ್ಟರ್ ಕಿತ್ತು ಹಾಕಿದ ಹೊಸ ಕಾರು ಹೆಚ್ಚು ವಿಷ ಉಗುಳಬಲ್ಲದು. ವರ್ಷ ಎಣಿಸಿದರೆ ಇದು ತಿಳಿಯದು.

ಹಾಗಾದರೆ ಎಮಿಷನ್ ಟೆಸ್ಟ್‌ನಿಂದ ತಿಳಿಯುತ್ತದೆಯೇ? ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.3. ನೈಟ್ರೋಜನ್ ಆಕ್ಸೈಡ್ ಅನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಕಾರಿನ ಕಂಪ್ಯೂಟರ್ ಬರೆದಿಟ್ಟ ಕೋಡನ್ನು ಓದುವುದೂ ಅದರ ಭಾಗವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ದ ನಂತರದ ಬಹುತೇಕ ಪೆಟ್ರೋಲ್ ಕಾರುಗಳನ್ನು ಈ ಪೋರ್ಟ್‌ಗೆ ಯಂತ್ರ ಜೋಡಿಸಿಯೇ ತಪಾಸಣೆ ಮಾಡುತ್ತಾರೆ. ಆ ಪೋರ್ಟ್ ನಮ್ಮ ಕಾರುಗಳಲ್ಲೂ ಇದೆ. ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲೂ ಅದನ್ನು ಓದುವ ವ್ಯವಸ್ಥೆ ಬರಬೇಕು.

ಅದು ಬಂದರೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವವರೂ ಬೇಕು. ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರು ನಮ್ಮ ಹೋಬಳಿಯಲ್ಲೇ ಎಷ್ಟೋ ಮಂದಿ ಇದ್ದಾರೆ. ಬಿಡಿಭಾಗ ಬದಲಿಸುವವರು ಎಲ್ಲ ಊರಲ್ಲೂ ಸಿಗುತ್ತಾರೆ, ಕಾರಣ ಹುಡುಕುವವರು ಅಪರೂಪ. ನಮ್ಮ ಕಾರಿಗೆ ಅಂಥವರೊಬ್ಬರು ಮೊದಲೇ ಸಿಕ್ಕಿದ್ದರೆ, ಅಪ್ಪ ಗುಜರಿ ಬೆಲೆ ವಿಚಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ.