ನೀರಿನಡಿಯ ಮರಳಿಗೆ ಲೆಕ್ಕವಿಲ್ಲವೇ?

ಪ್ರತಿವರ್ಷ ಜೂನ್ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಮರವಂತೆಗಳ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ತೆಂಗಿನ ಮರಗಳು ಉರುಳುತ್ತವೆ, ಗಣ್ಯರು ಬಂದು ನೋಡಿ ಹೋಗುತ್ತಾರೆ, ಬಳಿಕ ಲಾರಿಗಳಲ್ಲಿ ಬಂಡೆಗಲ್ಲು ಬರುತ್ತದೆ. ಕಲ್ಲು ಸುರಿಯುವ ಮುನ್ನ ನೀರಿನಡಿಯಲ್ಲಿ ಏನಾಗಿದೆಯೆಂದು ಅಳೆದ ಲೆಕ್ಕವನ್ನು ಊರವರ ಮುಂದೆ ಏಕೆ ಇಡುವುದಿಲ್ಲ?

ಅಳತೆಯೇ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ದೇಶದ ಮುಖ್ಯಭೂಮಿಯ ಕಡಲತೀರದಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆಯೆಂದು ತಿಳಿಸಿದೆ. ಬೆಲೆಯುಳ್ಳ ಕೆಲಸವೇ ಸರಿ. ಆದರೆ ಅದು ಹೇಳುವುದು ದಡದ ಗೆರೆ ಎತ್ತ ಸರಿಯಿತೆಂಬುದನ್ನು ಮಾತ್ರ. ಮರಳು ಗೆರೆಯಲ್ಲ, ರಾಶಿ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಯ್ದು ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಕೂಡಿಡುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರ ಬಹುಭಾಗವನ್ನು ಮೆಲ್ಲಗೆ ಹಿಂದಕ್ಕೆ ತರುತ್ತವೆ. ಹೀಗೆ ಹೋಗಿ ಬರುವ ಮರಳೆಷ್ಟು, ಮತ್ತೆಂದೂ ಬಾರದ ಮರಳೆಷ್ಟು ಎಂಬುದನ್ನು ತಿಳಿಯದೆ ಕಲ್ಲು ಹಾಕುವುದು ನಾಡಿ ನೋಡದೆ ಮದ್ದು ಕೊಟ್ಟಂತೆ.

"ಆಧುನಿಕ ಯಂತ್ರ ತಂದರಾಯಿತು" ಎನ್ನುವವರೂ ಇದ್ದಾರೆ. ಅವರು ಅರಿಯಬೇಕಾದುದೇನೆಂದರೆ, ಅಳೆಯಲು ಕಷ್ಟವಾದುದು ಆಳವಾದ ಕಡಲಿಗಿಂತ ಆಳವಿಲ್ಲದ ಕಡಲು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಪ್ರತಿಧ್ವನಿ ಮರಳುವ ಸಮಯದಿಂದ ಆಳ ತಿಳಿಯುತ್ತದೆ. (ಈ ಲೆಕ್ಕವನ್ನು ನನ್ನ ತರಗತಿಯಲ್ಲಿ ನೀವೆಲ್ಲ ಮಾಡಿದ್ದೀರಿ!) ಬಹುಕಿರಣದ ಸೋನಾರ್ ಆಳದ ಮೂರು ನಾಲ್ಕು ಪಟ್ಟು ಅಗಲವನ್ನು ಒಮ್ಮೆಗೇ ನೋಡುತ್ತದೆ, ಐದು ಮೀಟರ್ ನೀರಿನಲ್ಲಿ ಅದು ಬರಿಯ ಹದಿನೈದಿಪ್ಪತ್ತು ಮೀಟರ್. ಅಲೆ ಒಡೆಯುವಲ್ಲಿ ದೋಣಿ ನಿಲ್ಲದು, ನೊರೆಯ ಗುಳ್ಳೆಗಳಲ್ಲಿ ಸೋನಾರ್ ಕುರುಡಾಗುತ್ತದೆ. ವಿಮಾನದಿಂದ ಬಿಡುವ ಹಸಿರು ಲೇಸರ್ ಕಿರಣ ತಿಳಿನೀರನ್ನು ಮಾತ್ರ ಭೇದಿಸೀತು, ಮಳೆಗಾಲದ ನಮ್ಮ ಕೆನ್ನೀರನ್ನಲ್ಲ. ತಪ್ಪಿನ ಬೆಲೆಯೂ ಸಣ್ಣದಲ್ಲ: ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ತಳದಲ್ಲಿ ಹತ್ತೇ ಸೆಂಟಿಮೀಟರ್ ತಪ್ಪಿದರೆ 50,000 ಘನಮೀಟರ್ ಮರಳಿನ ಲೆಕ್ಕ ತಪ್ಪುತ್ತದೆ.

ಅಮೆರಿಕದ ಉತ್ತರ ಕೆರೊಲಿನಾದ ಡಕ್ ಎಂಬಲ್ಲಿ ಈ ತೊಡಕಿಗೆ ಸರಳ ಉಪಾಯ ಕಂಡುಕೊಂಡರು. ಸುಮಾರು ಹತ್ತು ಮೀಟರ್ ಎತ್ತರದ ಮೂರು ಕಾಲಿನ ಗಾಲಿಬಂಡಿಯೊಂದನ್ನು ಸಮುದ್ರತಳದ ಮೇಲೆಯೇ ಓಡಿಸಿ, 1980ರ ದಶಕದಿಂದ ಅವೇ ಅಡ್ಡಗೆರೆಗಳನ್ನು ಮತ್ತೆ ಮತ್ತೆ ಅಳೆದರು. ಅಂತಹ ಬಂಡಿಯೇ ನಮಗೂ ಬೇಕೆಂದಲ್ಲ. ಬೇಕಾದುದು ಆ ಹಟ. ಮೇ ತಿಂಗಳಲ್ಲೊಮ್ಮೆ, ಕಡಲು ತಣಿದ ಬಳಿಕ ಒಮ್ಮೆ, ದಂಡೆಯ ಗುರುತುಕಲ್ಲಿನಿಂದ ಮರಳು ಕದಲದಷ್ಟು ಆಳದವರೆಗೆ, ಅದೇ ಗೆರೆಯ ಮೇಲೆ ಅಳೆಯಬೇಕು. ಆ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು. ಅದಾಗುವವರೆಗೆ ಹೊಸ ಕಲ್ಲಿಗೆ ಟೆಂಡರು ಕರೆಯಕೂಡದು.

ದಂಡೆಯ ಒಣಭಾಗಕ್ಕಂತೂ ಹಣದ ನೆಪವೂ ಇಲ್ಲ. ಎಮೆರಿ ಎಂಬ ಭೂವಿಜ್ಞಾನಿ 1961ರಲ್ಲೇ ಎರಡು ಕೋಲು, ನಡುವೆ ಒಂದು ಹಗ್ಗ, ಎದುರಿನ ದಿಗಂತ ಇಷ್ಟರಿಂದಲೇ ದಂಡೆಯ ಇಳಿಜಾರನ್ನು ಅಳೆಯುವ ಬಗೆಯನ್ನು ಪ್ರಕಟಿಸಿದರು. ಕರಾವಳಿಯ ಶಾಲೆಗಳಲ್ಲಿ ಈಗ ಪಾಠ ಹೇಳುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಬರುವ ಶನಿವಾರ ಮಕ್ಕಳ ಕೈಗೆ ಕೋಲು ಕೊಡಲು ಯಾವ ಇಲಾಖೆಯ ಸುತ್ತೋಲೆಗಾಗಿ ಕಾಯುತ್ತಿದ್ದೀರಿ?