ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸೇವೆ ಕರಾವಳಿಯ ರೋಗಿಗಳಿಗೂ ದೊರೆಯುವಂತೆ ಮನವಿ ಪತ್ರ

ಪ್ರಧಾನ ಕಾರ್ಯದರ್ಶಿಯವರಿಗೆ,
ವೈದ್ಯಕೀಯ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಅಘನಾಶಿನಿಯು ಕಡಲನ್ನು ಕೂಡುವ ಅಳಿವೆಯ ದಡದಲ್ಲಿ ಮೀನುಗಾರಿಕೆಯನ್ನೂ ಗಜನಿ ಗದ್ದೆಗಳ ಬೇಸಾಯವನ್ನೂ ನಂಬಿ ಬಾಳುತ್ತಿರುವ ತದಡಿಯ ನಿವಾಸಿಗಳಾದ ನಾವು ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೆಂಬ ಮಹಾಯಂತ್ರವನ್ನು ನಮ್ಮೂರಿಗೆ ತಂದಿರಿಸಬೇಕೆಂದು ನಾವು ಕೇಳುತ್ತಿಲ್ಲ. ಅದಕ್ಕೆ ಅದುರದ ನೆಲ, ಏರಿಳಿಯದ ಉಷ್ಣತೆ, ಕಡಿಯದ ವಿದ್ಯುತ್ತು ಬೇಕು. ನಮ್ಮ ಉಪ್ಪುಗಾಳಿಗಾದರೋ ದೋಣಿಯ ಮೊಳೆಯೇ ಉಳಿಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿಯೂ ಈಗಾಗಲೇ ಇರುವ ಯಂತ್ರಗಳವರೆಗೆ ನಮ್ಮ ರೋಗಿಗಳ ಅಂಗಾಂಶವು ಕೆಡದೆ ತಲುಪುವ ದಾರಿಯನ್ನಷ್ಟೇ ಬೇಡುತ್ತಿದ್ದೇವೆ.

1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮಾಕ್ಸ್ ನೋಲ್ ಮೊದಲಿಗೆ ರೂಪಿಸಿದ ಈ ಯಂತ್ರವು ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವುದರಿಂದ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎಟುಕುವ ಸುಮಾರು 200 ನ್ಯಾನೋಮೀಟರಿನ ಮಿತಿಯನ್ನು ದಾಟಿ ಬಹುದೂರ ಹೋಗಬಲ್ಲುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, ಅನಂತರ ನಮ್ಮ ಹೊನ್ನಾವರದ ಕಾಡಂಚಿನ ಹಳ್ಳಿಗಳನ್ನೂ ಬಿಡದ ಮಂಗನ ಕಾಯಿಲೆಯ ವೈರಾಣುವು ಸುಮಾರು 50 ನ್ಯಾನೋಮೀಟರಿನದು. ರೋಗವನ್ನು ಪತ್ತೆಹಚ್ಚಲು ಪಿಸಿಆರ್ ಸಾಕು, ನಿಜ. ಆದರೆ ಆ ವೈರಾಣುವು ಜೀವಕೋಶದೊಳಗೆ ಏನು ಮಾಡುತ್ತದೆಂಬುದನ್ನು ಕಣ್ಣಾರೆ ಕಾಣಲು ಈ ಯಂತ್ರವೇ ಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯ ಹುಡುಗನೊಬ್ಬನ ಮುಖವೂ ಕಾಲೂ ಊದಿಕೊಂಡಾಗ ವೈದ್ಯರು ಆತನ ಮೂತ್ರಪಿಂಡದ ತುಣುಕನ್ನು ತೆಗೆಸಿದರು. ಕೆಲವು ಮೂತ್ರಪಿಂಡ ರೋಗಗಳಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ, ಸೋಸುವ ಕೋಶಗಳಾದ ಪೋಡೋಸೈಟುಗಳ ಪಾದಗಳು ಬೆಸೆದುಹೋಗಿವೆಯೋ ಇಲ್ಲವೋ ಎಂಬುದು ಎಲೆಕ್ಟ್ರಾನ್ ಚಿತ್ರದಲ್ಲಿ ಮಾತ್ರ ತಿಳಿಯುತ್ತದೆ. ಅಂಗಾಂಶವನ್ನು ಕೆಡದಂತೆ ಕಾಯುವ ಗ್ಲೂಟರಾಲ್ಡಿಹೈಡ್ ದ್ರಾವಣದ ಪುಟ್ಟ ಸೀಸೆಯಲ್ಲಿ ಆ ತುಣುಕನ್ನಿಟ್ಟು, ಹುಡುಗನ ತಂದೆಯ ಕೈಗೇ ಕೊಟ್ಟು "ತಣ್ಣಗಿಟ್ಟು ಒಯ್ಯಿ" ಎಂದರು. ಮೂವತ್ತು ವರ್ಷ ಬಂಗುಡೆಯನ್ನು ಕೆಡದಂತೆ ಕಾಯ್ದ ಆತನು ತನಗೆ ತಿಳಿದಂತೆ ಉಪ್ಪು ಬೆರೆಸಿದ ಐಸಿನ ನಡುವೆ ಸೀಸೆಯನ್ನು ಹುಗಿದು, ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯ ಬಸ್ಸು ಹತ್ತಿದನು. ಸೀಸೆ ಹೆಪ್ಪುಗಟ್ಟಿತು, ಹಿಮದ ಹರಳುಗಳು ಕೋಶಗಳನ್ನು ಸೀಳಿದವು, ತುಣುಕು ಪರೀಕ್ಷೆಗೆ ಯೋಗ್ಯವಲ್ಲವೆಂದು ವರದಿ ಬಂದಿತು. ಮೀನಿಗೆ ಉಪಕಾರಿಯಾದ ವಿದ್ಯೆ ಮಗನ ಅಂಗಾಂಶಕ್ಕೆ ಅಪಕಾರಿಯೆಂದು ಆತನಿಗೆ ಹೇಳಿದವರಾರು?

ಆದಕಾರಣ ಕಾರವಾರದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮಾದರಿ ಸಿದ್ಧತೆಯ ಚಿಕ್ಕ ಘಟಕವೊಂದನ್ನು ತೆರೆದು, ಅಂಗಾಂಶವನ್ನು ಅಲ್ಲಿಯೇ ಆಸ್ಮಿಯಂ ಟೆಟ್ರಾಕ್ಸೈಡಿನಿಂದ ಸಂಸ್ಕರಿಸಿ ರಾಳದಲ್ಲಿ ಅಚ್ಚುಗಟ್ಟಿಸುವ ಏರ್ಪಾಡಾಗಬೇಕೆಂದು ಪ್ರಾರ್ಥಿಸುತ್ತೇವೆ. ರಾಳವೊಮ್ಮೆ ಗಟ್ಟಿಯಾದರೆ ಆ ಅಚ್ಚಿಗೆ ಐಸೂ ಬೇಡ, ಅವಸರವೂ ಬೇಡ. ಸಾಧಾರಣ ಅಂಚೆಯಲ್ಲಿಯೇ ಬೆಂಗಳೂರಿಗೆ ಹೋಗಬಹುದು. ಇದಕ್ಕೆ ತರಬೇತಾದ ತಂತ್ರಜ್ಞರಿಬ್ಬರು ಮತ್ತು ವಿಷವಾಯುವನ್ನು ಹೊರದೂಡುವ ಕಪಾಟೊಂದಿದ್ದರೆ ಆರಂಭಕ್ಕೆ ಸಾಕೆಂದು ನಮ್ಮ ಎಣಿಕೆ. ಅಂಗಾಂಶ ತೆಗೆಯುವ ಪ್ರತಿಯೊಂದು ಆಸ್ಪತ್ರೆಗೂ ದ್ರಾವಣದ ಸೀಸೆಗಳನ್ನು, ಹೆಪ್ಪುಗಟ್ಟಿಸಕೂಡದೆಂಬ ಕನ್ನಡದ ಸೂಚನಾಪತ್ರದೊಡನೆ, ಒದಗಿಸಬೇಕು. ಬಡವರ ಪರೀಕ್ಷಾಶುಲ್ಕವನ್ನು ಸರ್ಕಾರವೇ ಭರಿಸಬೇಕು. ಮಂಗನ ಕಾಯಿಲೆಯ ಮಾದರಿಗಳು ಮಾತ್ರ ಈ ಘಟಕಕ್ಕೆ ಬಾರದೆ, ಅವಕ್ಕೆ ತಕ್ಕ ಸುರಕ್ಷಿತ ವ್ಯವಸ್ಥೆಯುಳ್ಳ ಪುಣೆಯ ಸಂಸ್ಥೆಗೇ ನೇರವಾಗಿ ಹೋಗತಕ್ಕದ್ದು.

ಆ ಹುಡುಗನು ಎರಡನೆಯ ಸಲ ಸೂಜಿಗೆ ಬೆನ್ನೊಡ್ಡಲು ಇನ್ನೂ ಒಪ್ಪಿಲ್ಲ. ಬರುವ ಮಳೆಗಾಲಕ್ಕೆ ಮುನ್ನ ತಮ್ಮ ಆಜ್ಞೆಯನ್ನು ನಿರೀಕ್ಷಿಸುವ,

ತಮ್ಮ ವಿಧೇಯರು,
ತದಡಿಯ ನಾಗರಿಕರು, ಕುಮಟಾ ತಾಲೂಕು, ಉತ್ತರ ಕನ್ನಡ ಜಿಲ್ಲೆ